ಚಿಕವೀರ ರಾಜೇಂದ್ರನಿಗೆ ಮನೋರೋಗವಿತ್ತೇ? ಕಾದಂಬರಿಯ ಪಾತ್ರಗಳಿಗೆ ವೈದ್ಯರ ಚೀಟಿ ಬರೆಯುವುದರ ಬಗ್ಗೆ

ಸ್ಟುವರ್ಟ್‌ಹಿಲ್ ಓದುಗ

ಮಡಿಕೇರಿಯ ನಮ್ಮ ಚಿಕ್ಕ ಓದು ಬಳಗ ಈ ಮಳೆಗಾಲಕ್ಕೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ಆರಿಸಿಕೊಂಡಿತ್ತು. ಕೊಡಗಿನವರೇ ಕುಳಿತು ಕೊಡಗಿನ ಕೊನೆಯ ಅರಸನ ಕಥೆ ಓದಿದರೆ ಇತಿಹಾಸದ ಜಗಳ ಏಳುವುದು ಖಂಡಿತವೆಂದುಕೊಂಡು ಹೋಗಿದ್ದ ನನಗೆ ಅಲ್ಲಿ ಎದುರಾದದ್ದು ಬೇರೆಯೇ ಜಗಳ. ಬಳಗದ ಕಿರಿಯ ಗೆಳೆಯರೊಬ್ಬರು ಅರಸನ ಕುಡಿತ, ಸಂಶಯ, ಗಳಿಗೆಗೊಂದು ಬಗೆಯಾಗುವ ಬುದ್ಧಿ, ತಂಗಿಯ ಮಗುವಿನ ಕೊಲೆ ಎಲ್ಲವನ್ನೂ ಪಟ್ಟಿ ಮಾಡಿಕೊಂಡು ಬಂದು, ಇದು ಇಂಥ ವ್ಯಕ್ತಿತ್ವ ದೋಷ, ಜೊತೆಗೆ ಮದ್ಯವ್ಯಸನ, ಇಂದಿನ ಔಷಧಗಳು ಅಂದು ಇದ್ದಿದ್ದರೆ 1834ರಲ್ಲಿ ರಾಜ್ಯ ಕೈತಪ್ಪುತ್ತಿರಲಿಲ್ಲ ಎಂದು ತೀರ್ಪು ಕೊಟ್ಟರು. ಹೆಚ್ಚಿನವರು ತಲೆದೂಗಿದರು.

ನನಗೆ ಒಪ್ಪಿಗೆಯಾಗಲಿಲ್ಲ. ಮಾಸ್ತಿಯವರ ಅರಸನನ್ನು ಕುಂಟ ಬಸವನಿಂದ ಬೇರ್ಪಡಿಸಿ ನೋಡಲು ಬರುವುದಿಲ್ಲ. ಬಾಲ್ಯದಿಂದ ಜೊತೆಗಿದ್ದು ಅರಸನ ಒಂದೊಂದು ಚಪಲಕ್ಕೂ ದಾರಿ ಮಾಡಿಕೊಟ್ಟವನು ಅವನು. ಇಬ್ಬರ ನಡುವಿನ ರಕ್ತಸಂಬಂಧ ತಿಳಿದ ಮೇಲಂತೂ ಅದುವರೆಗೆ ಓದಿದ್ದೆಲ್ಲ ಬೇರೆ ಬಣ್ಣ ತಾಳುತ್ತದೆ. ಮಂತ್ರಿ ಬೋಪಣ್ಣ ಎಷ್ಟು ದಿನ ಸಹಿಸಿದ, ಏಕೆ ಸಹಿಸಿದ, ಯಾವಾಗ ಬೇರೆ ದಾರಿ ಹಿಡಿದ ಎಂಬುದೂ ಅರಸನ ಮನಸ್ಸಿನ ಕಥೆಯ ಭಾಗವೇ. ರೋಗವೆಂದು ಹೆಸರಿಟ್ಟ ಕೂಡಲೇ ಅದು ಅವನೊಬ್ಬನ ತಲೆಯೊಳಗಿನ ಸಂಗತಿಯಾಗಿಬಿಡುತ್ತದೆ, ಅರಮನೆಯಲ್ಲಿದ್ದ ಉಳಿದವರೆಲ್ಲ ಕೈತೊಳೆದುಕೊಂಡು ಹೊರಬರುತ್ತಾರೆ. ಸಾಹಿತ್ಯವನ್ನು ಹೀಗೆ ಓದುವುದರಿಂದ ನಮಗೆ ದೊರೆಯುವುದಾದರೂ ಏನು? ನಿಮ್ಮ ಅಭಿಪ್ರಾಯ ತಿಳಿಯಬೇಕಾಗಿದೆ.

ಕಿತ್ತಳೆತೋಟ, ವಿರಾಜಪೇಟೆ

ಕುಡಿದು ಕೊಂದವನು ಕೊಲೆಗಾರ. ಅದಕ್ಕೆ ಇಂಗ್ಲಿಷಿನ ಉದ್ದ ಹೆಸರು ಕೊಟ್ಟರೆ ಅವನು ರೋಗಿಯಾಗಿ ಕನಿಕರಕ್ಕೆ ಪಾತ್ರನಾಗುತ್ತಾನೆ. ಇಷ್ಟೇ ವಿಷಯ.

ಕಕ್ಕಬ್ಬೆಯವ

ಮೊದಲು ಯಾವ ಅರಸನ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದನ್ನು ಖಚಿತಪಡಿಸಿಕೊಳ್ಳೋಣ. ಮಾಸ್ತಿಯವರ ಪುಸ್ತಕದಲ್ಲಿರುವವನು ಒಬ್ಬ, 1820ರಿಂದ 1834ರವರೆಗೆ ಆಳಿದವನು ಇನ್ನೊಬ್ಬ. ಎರಡನೆಯವನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಅವನನ್ನು ಕೆಳಗಿಳಿಸಿದವರ ಕಡೆಯಿಂದ ಬಂದದ್ದು. ಕಂಪನಿ ಸರ್ಕಾರಕ್ಕೆ ಕೊಡಗನ್ನು ವಶಪಡಿಸಿಕೊಳ್ಳಲು ಒಂದು ನೈತಿಕ ಕಾರಣ ಬೇಕಾಗಿತ್ತು. ಅರಸ ಕ್ರೂರಿ, ಪ್ರಜೆಗಳು ನಮ್ಮನ್ನು ಬೇಡಿಕೊಂಡರು ಎಂಬುದೇ ಆ ಕಾರಣ. ಮುಂದೆ 1855ರಲ್ಲಿ ಮೋಗ್ಲಿಂಗ್ ಪಾದ್ರಿಗಳು ಕೊಡಗಿನ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕವೂ ಅದೇ ಕರಾಳ ಚಿತ್ರವನ್ನು ಗಟ್ಟಿಮಾಡಿತು. ಇದೇ ಅರಸ ಕಾಶಿಯಲ್ಲಿ ವರ್ಷಗಟ್ಟಲೆ ಇದ್ದು, 1852ರಲ್ಲಿ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗಿ, ಕಂಪನಿಯ ಮೇಲೆ ಹಣಕ್ಕಾಗಿ ದಾವೆ ಹೂಡಿ, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ನ್ಯಾಯಾಲಯಕ್ಕೆ ಹೋಗಿ ಲೆಕ್ಕ ಕೇಳುವಷ್ಟು ಸ್ತಿಮಿತವಿದ್ದವನನ್ನು ಬುದ್ಧಿಭ್ರಮಣೆಯವನೆಂದು ಹೇಗೆ ಹೇಳುತ್ತೀರಿ?

ಮನೋವೈದ್ಯ ವಿಭಾಗದ ವಿದ್ಯಾರ್ಥಿನಿ

ಕಕ್ಕಬ್ಬೆಯವರೇ, ಸ್ತಿಮಿತವಿದ್ದು ದಾವೆ ಹೂಡುವುದಕ್ಕೂ ವ್ಯಕ್ತಿತ್ವದಲ್ಲಿ ಗಂಭೀರ ತೊಂದರೆ ಇರುವುದಕ್ಕೂ ವಿರೋಧವಿಲ್ಲ. ಆದರೆ ನಿಮ್ಮ ಎಚ್ಚರಿಕೆ ಸರಿಯಾದದ್ದು, ಅದಕ್ಕೆ ನಮ್ಮ ಶಾಸ್ತ್ರದಲ್ಲಿಯೇ ಒಂದು ಪಾಠವಿದೆ. 1964ರಲ್ಲಿ ಅಮೆರಿಕದ ‘ಫ್ಯಾಕ್ಟ್’ ಎಂಬ ಪತ್ರಿಕೆ, ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಬ್ಯಾರಿ ಗೋಲ್ಡ್‌ವಾಟರ್ ಮಾನಸಿಕವಾಗಿ ಯೋಗ್ಯರೇ ಎಂದು ಮನೋವೈದ್ಯರನ್ನು ಕೇಳಿ ಅವರ ಉತ್ತರಗಳನ್ನು ಅಚ್ಚು ಹಾಕಿತು. ಅವರನ್ನು ಒಮ್ಮೆಯೂ ಪರೀಕ್ಷಿಸದ ವೈದ್ಯರು ಬಾಯಿಗೆ ಬಂದ ರೋಗದ ಹೆಸರುಗಳನ್ನು ಬರೆದಿದ್ದರು. ಗೋಲ್ಡ್‌ವಾಟರ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. 1973ರಲ್ಲಿ ಅಲ್ಲಿನ ಮನೋವೈದ್ಯರ ಸಂಘ, ತಾನು ಸ್ವತಃ ಪರೀಕ್ಷಿಸದ ಹಾಗೂ ಒಪ್ಪಿಗೆ ಪಡೆಯದ ಸಾರ್ವಜನಿಕ ವ್ಯಕ್ತಿಯ ಬಗ್ಗೆ ಮನೋವೈದ್ಯನು ವೃತ್ತಿಪರ ಅಭಿಪ್ರಾಯ ನೀಡಬಾರದೆಂಬ ನಿಯಮವನ್ನು ಸೇರಿಸಿತು. ಸತ್ತು ಹೋದ ಅರಸನಿಗೂ ಈ ಮರ್ಯಾದೆ ಸಲ್ಲಬೇಕೆಂದು ನನ್ನ ಭಾವನೆ.

ಕಾದಂಬರಿಯ ಪಾತ್ರದ ಮಾತು ಬೇರೆ. ಅಲ್ಲಿ ಯಾರ ಮಾನವೂ ಹೋಗುವುದಿಲ್ಲ. ನಾವು ವಿದ್ಯಾರ್ಥಿಗಳು ಕಾದಂಬರಿ ಓದಿ ಲಕ್ಷಣಗಳನ್ನು ಗುರುತಿಸುವುದು ಅಭ್ಯಾಸಕ್ಕೆ ಒಳ್ಳೆಯದೆಂದೇ ನಾನು ಹೇಳುತ್ತೇನೆ. ನಿಮ್ಮ ಕಿರಿಯ ಗೆಳೆಯರನ್ನು ಅಷ್ಟು ಬೇಗ ತಳ್ಳಿಹಾಕಬೇಡಿ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ತಂಗೀ, ಇಲ್ಲಿಯೇ ತೊಡಕಿರುವುದು. ನಿಮ್ಮ ಎದುರು ಕುಳಿತ ರೋಗಿಗೆ ನೀವು ಇನ್ನೊಂದು ಪ್ರಶ್ನೆ ಕೇಳಬಹುದು, ಅವನ ಹೆಂಡತಿಯನ್ನು ಕರೆಸಿ ವಿಚಾರಿಸಬಹುದು. ಪುಸ್ತಕದ ಪಾತ್ರಕ್ಕೆ ಲೇಖಕ ಬರೆದಷ್ಟೇ ಬಾಲ್ಯ, ಬರೆದಷ್ಟೇ ಕನಸು. ಇಂಗ್ಲಿಷ್ ವಿಮರ್ಶೆಯಲ್ಲಿ ಎಲ್.ಸಿ. ನೈಟ್ಸ್ ಎಂಬುವರು 1933ರಲ್ಲಿಯೇ, ಲೇಡಿ ಮ್ಯಾಕ್‌ಬೆತ್‌ಗೆ ಎಷ್ಟು ಮಕ್ಕಳಿದ್ದರು ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಟ್ಟು ಪ್ರಬಂಧ ಬರೆದು, ಪಾತ್ರಗಳನ್ನು ಬೀದಿಯಲ್ಲಿ ಕಂಡ ಮನುಷ್ಯರಂತೆ ವಿಚಾರಿಸುವ ವಿಮರ್ಶಕರನ್ನು ಗೇಲಿ ಮಾಡಿದ್ದರು. ಆದರೂ ಫ್ರಾಯ್ಡ್‌ನ ಶಿಷ್ಯ ಅರ್ನೆಸ್ಟ್ ಜೋನ್ಸ್ ಹ್ಯಾಮ್ಲೆಟ್‌ನಿಗೆ ತಾಯಿಯ ಮೇಲಿನ ಮೋಹ, ತಂದೆಯ ಮೇಲಿನ ಹಗೆ ಎಂಬ ಈಡಿಪಸ್ ತೊಡಕನ್ನು ಅಂಟಿಸಿ ಬರೆದದ್ದನ್ನು ಜನ ಇಂದಿಗೂ ಓದುತ್ತಾರೆ. ಬಿಡಿ, ತರಗತಿಯಲ್ಲಿ ಅದನ್ನು ಪಾಠ ಮಾಡಿದವರಲ್ಲಿ ನಾನೂ ಒಬ್ಬ.

ಅರಸನ ವಿಷಯಕ್ಕೆ ಬಂದರೆ, ಈ ಮನೆತನದಲ್ಲಿ ದೊಡ್ಡವೀರರಾಜೇಂದ್ರನನ್ನು ಮರೆಯುವಂತಿಲ್ಲ. ಪಿರಿಯಾಪಟ್ಟಣದ ಕೋಟೆಯಲ್ಲಿ ಸೆರೆಯಿದ್ದು 1788ರಲ್ಲಿ ತಪ್ಪಿಸಿಕೊಂಡು ಬಂದು ರಾಜ್ಯ ಕಟ್ಟಿದ ಪರಾಕ್ರಮಿ ಅವನು. ಪ್ರೀತಿಯ ರಾಣಿ 1807ರಲ್ಲಿ ತೀರಿಕೊಂಡ ಮೇಲೆ ಅವನಿಗೆ ಸಂಶಯದ ಉದ್ರೇಕ ಬರತೊಡಗಿ, ಆ ಆವೇಶದಲ್ಲಿ ಹಲವರನ್ನು ಕೊಲ್ಲಿಸಿ, ಇಳಿದ ಮೇಲೆ ಪಶ್ಚಾತ್ತಾಪಪಡುತ್ತಿದ್ದನೆಂದು ಚರಿತ್ರೆಕಾರರು ಬರೆದಿದ್ದಾರೆ. ಚಿಕವೀರ ಇವನ ತಮ್ಮನ ಮಗ. ವಂಶದಲ್ಲಿ ಹರಿದು ಬಂದದ್ದು ಏನೋ ಇತ್ತೆಂದು ಊಹಿಸಿದರೆ ಅದು ಅಷ್ಟೇನೂ ಅನ್ಯಾಯವಲ್ಲ.

ಕಕ್ಕಬ್ಬೆಯವ

ಮೇಷ್ಟ್ರೇ, ವಂಶವೇ ಏಕೆ? ಯೌವನದಲ್ಲಿ ಸೆರೆಮನೆ, ಸುತ್ತಲೂ ಯುದ್ಧ, ಅಣ್ಣತಮ್ಮಂದಿರ ನಡುವೆ ಗದ್ದುಗೆಯ ಪೈಪೋಟಿ, ದೊಡ್ಡವೀರನ ನಂತರ ಅವನ ಚಿಕ್ಕ ಮಗಳು ದೇವಮ್ಮಾಜಿಗೆ ಸಿಕ್ಕ ಪಟ್ಟವನ್ನು ಚಿಕ್ಕಪ್ಪ ಲಿಂಗರಾಜ ಕಿತ್ತುಕೊಂಡದ್ದು. ಇಂಥ ಮನೆಯಲ್ಲಿ ಬೆಳೆದ ಹುಡುಗ ಯಾರನ್ನು ನಂಬಬೇಕಾಗಿತ್ತು? ಅಲ್ಲಿ ಸಂಶಯಪಡದವನು ಬದುಕುತ್ತಲೇ ಇರಲಿಲ್ಲ. ಯಾವುದನ್ನು ನೀವು ಲಕ್ಷಣವೆಂದು ಬರೆಯುತ್ತೀರೋ ಅದು ಆ ಅರಮನೆಯಲ್ಲಿ ಕಲಿಯಲೇಬೇಕಾಗಿದ್ದ ವಿದ್ಯೆ.

ಹಾರಂಗಿ ಓದುಗ, ಕುಶಾಲನಗರ

ಇದನ್ನು ಓದುವಾಗ ಯಶವಂತ ಚಿತ್ತಾಲರ ‘ಶಿಕಾರಿ’ ನೆನಪಾಯಿತು. 1979ರಲ್ಲಿ ಬಂದ ಕಾದಂಬರಿ. ಮುಂಬಯಿಯ ದೊಡ್ಡ ಕಂಪನಿಯೊಂದರಲ್ಲಿರುವ ನಾಗಪ್ಪನಿಗೆ, ತನ್ನ ವಿರುದ್ಧ ಎಲ್ಲೋ ಏನೋ ಸಂಚು ನಡೆದಿದೆಯೆಂಬ ಭಯ ಹಿಡಿಯುತ್ತದೆ. ಮೊದಮೊದಲು ಓದುಗನಾದ ನನಗೆ ಇವನಿಗೆ ತಲೆ ಕೆಟ್ಟಿದೆ ಎಂದೇ ಅನಿಸಿತ್ತು. ಪುಟಗಳು ಸರಿದ ಹಾಗೆ ಸಂಚು ನಿಜವಾಗಿಯೂ ಇದೆಯೆಂದು ಗೊತ್ತಾಗುತ್ತದೆ, ಆದರೆ ಭಯ ಮಾತ್ರ ಸಂಚಿಗಿಂತ ದೊಡ್ಡದಾಗಿ ಬೆಳೆದಿರುತ್ತದೆ. ಎಲ್ಲಿಯವರೆಗೆ ಎಚ್ಚರ, ಎಲ್ಲಿಂದ ಭ್ರಮೆ ಎಂದು ಗೆರೆ ಎಳೆಯಲು ಚಿತ್ತಾಲರು ಕೊನೆಯವರೆಗೂ ಬಿಡುವುದಿಲ್ಲ. ಚಿಕವೀರನಿಗೂ ಇದೇ ಅನ್ವಯಿಸುತ್ತದೆ. 1832ರಲ್ಲಿ ಸೋದರಿ ಮತ್ತು ಅವಳ ಗಂಡ ಚೆನ್ನಬಸವ ಮೈಸೂರಿಗೆ ಓಡಿಹೋಗಿ ಬ್ರಿಟಿಷರ ಆಶ್ರಯ ಪಡೆದದ್ದು ಭ್ರಮೆಯಲ್ಲ, ನಡೆದದ್ದು.

ಮನೋವೈದ್ಯ ವಿಭಾಗದ ವಿದ್ಯಾರ್ಥಿನಿ

ಶತ್ರುಗಳು ನಿಜವಾಗಿ ಇದ್ದಾರೆಂಬುದರಿಂದ ಸಂಶಯ ರೋಗವಲ್ಲವೆಂದು ಆಗುವುದಿಲ್ಲ. ಹೆಂಡತಿಯ ಮೇಲೆ ವಿಪರೀತ ಸಂಶಯವಿರುವ ಗಂಡನ ಸಂಶಯ ಅಕಸ್ಮಾತ್ ನಿಜವಾದರೂ, ಅವನು ಆ ನಂಬಿಕೆಗೆ ಬಂದ ಬಗೆ, ಎದುರು ಸಾಕ್ಷ್ಯವನ್ನು ಅವನು ತಳ್ಳಿಹಾಕುವ ಬಗೆ ಇವು ನಮಗೆ ಮುಖ್ಯ. ಆದರೆ ಚಿತ್ತಾಲರ ಉದಾಹರಣೆ ಬಹಳ ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ.

ಸುಂಟಿಕೊಪ್ಪದಿಂದ

ಅರಸರ ಮನಸ್ಸಿನ ಬಗ್ಗೆ ಇಷ್ಟು ಚರ್ಚೆ ನಡೆದಿದೆ, ಸಂತೋಷ. ಹೆಂಗಸರ ಮನಸ್ಸಿನ ಬಗ್ಗೆ ನಮ್ಮ ಊರಿನವರೇ ಒಬ್ಬರು ಬರೆದಿದ್ದಾರೆ, ಯಾರೂ ಹೆಸರೆತ್ತಲಿಲ್ಲ. ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದ ಕೊಡಗಿನ ಗೌರಮ್ಮ. ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು, ಮೂವತ್ತು ತುಂಬುವ ಮೊದಲೇ ನೀರಿಗೆ ಸಿಕ್ಕಿ ತೀರಿಕೊಂಡವರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತು, ಬಂದವರ ಕೈಗೆ ಒಡವೆ ಬಿಚ್ಚಿಕೊಟ್ಟ ಪ್ರಸಂಗವನ್ನು ಮಾತ್ರ ಎಲ್ಲರೂ ಹೇಳುತ್ತಾರೆ, ಕಥೆಗಳನ್ನು ಓದುವವರು ಕಡಿಮೆ. ವಿಧವೆಯರ, ಮೋಸಹೋದ ಹೆಣ್ಣುಗಳ ಒಳಗಿನ ತಳಮಳವನ್ನು ಅವರು ಎಲ್ಲಿಯೂ ರೋಗವೆಂದು ತೋರಿಸುವುದಿಲ್ಲ. ‘ಅಪರಾಧಿ ಯಾರು?’ ಎಂದು ಒಂದು ಕಥೆಗೆ ಹೆಸರಿಟ್ಟಿದ್ದಾರೆ, ಪ್ರಶ್ನೆಯನ್ನು ನೇರವಾಗಿ ಓದುಗರ ಕಡೆಗೇ ತಿರುಗಿಸಿದ್ದಾರೆ. ಇದು ಸ್ಟುವರ್ಟ್‌ಹಿಲ್‌ನವರ ವಾದಕ್ಕೆ ಹತ್ತಿರವಾದದ್ದು ಎಂದುಕೊಂಡಿದ್ದೇನೆ.

ಹಾರಂಗಿ ಓದುಗ, ಕುಶಾಲನಗರ

ಅಕ್ಕ, ಸರಿಯಾಗಿ ಹೇಳಿದಿರಿ. ಆದರೆ ರೋಗವನ್ನು ರೋಗವೆಂದೇ ಬರೆದು ಗೆದ್ದವರೂ ಇದ್ದಾರಲ್ಲ, ತ್ರಿವೇಣಿ. ಅವರು ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. ‘ಶರಪಂಜರ’ದ ಕಾವೇರಿಗೆ ಎರಡನೆಯ ಹೆರಿಗೆಯ ನಂತರ ಬುದ್ಧಿವಿಕಲತೆ ಬರುತ್ತದೆ, ಆಸ್ಪತ್ರೆಯಲ್ಲಿ ವಾಸಿಯೂ ಆಗುತ್ತದೆ. ಮನೆಗೆ ಬಂದ ಮೇಲೆ ಅವಳು ನಕ್ಕರೂ, ಅತ್ತರೂ, ಸುಮ್ಮನಿದ್ದರೂ ಎಲ್ಲರಿಗೂ ಅದು ಹುಚ್ಚಿನ ಗುರುತು. ಗಂಡನ ಮನಸ್ಸು ಬೇರೆಡೆಗೆ ತಿರುಗಿರುತ್ತದೆ. ಅವಳು ಮತ್ತೆ ಆಸ್ಪತ್ರೆಗೆ ಹೋಗುತ್ತಾಳೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಿತ್ರ ಮಾಡಿದರು, ಕಲ್ಪನಾ ಕಾವೇರಿಯಾದರು. ಆ ಚಿತ್ರದ ‘ಕೊಡಗಿನ ಕಾವೇರಿ’ ಹಾಡನ್ನು ನಮ್ಮಲ್ಲಿ ಮದುವೆ ಆರ್ಕೆಸ್ಟ್ರಾದವರು ಹಾಡದೆ ಬಿಡುವುದಿಲ್ಲ. ಸುಖದಲ್ಲಿ ಹಾಡಿಸಿಕೊಂಡ ಆ ಹೆಣ್ಣಿಗೆ ಮುಂದೆ ಏನಾಯಿತೆಂಬುದನ್ನು ವಧೂವರರಿಗೆ ಯಾರೂ ಹೇಳುವುದಿಲ್ಲ!

ಮನೋವೈದ್ಯ ವಿಭಾಗದ ವಿದ್ಯಾರ್ಥಿನಿ

‘ಶರಪಂಜರ’ ನಮ್ಮ ಪರವಾದ ಸಾಕ್ಷಿ. ಹಳ್ಳಿಗಳಲ್ಲಿ ಬಾಣಂತಿ ಸನ್ನಿ ಎಂದು ಕರೆಯುವ ಈ ರೋಗ ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಬರುತ್ತದೆ, ಸಾಮಾನ್ಯವಾಗಿ ಹೆರಿಗೆಯಾದ ಮೊದಲ ಎರಡು ವಾರಗಳೊಳಗೆ. ನಿದ್ರೆ ಹೋಗುವುದು, ಮಾತು ತಡವರಿಸುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆಗಳು ಇವು ಮೊದಲ ಸುಳಿವು. ಇದು ತುರ್ತುಸ್ಥಿತಿ, ಆದರೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ತಾಯಿ ಮಗುವನ್ನು ಬೇರೆ ಮಾಡದೆ ಒಟ್ಟಿಗೆ ನೋಡಿಕೊಳ್ಳುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಹೆಸರು ಗೊತ್ತಿಲ್ಲದಿದ್ದರೆ ಗಾಳಿ ಸೋಕಿತೆಂದು ತಾಯಿತ ಕಟ್ಟಿಸಿಕೊಂಡು ವಾರ ಕಳೆಯುತ್ತಾರೆ, ಅಷ್ಟರಲ್ಲಿ ಅನಾಹುತವಾಗಿರುತ್ತದೆ. ಹೆಸರಿಡುವುದನ್ನು ನೀವೆಲ್ಲ ಇಷ್ಟು ಹಗುರವಾಗಿ ಕಾಣುವುದು ನನಗೆ ಸ್ವಲ್ಪ ಬೇಸರ ತರಿಸಿದೆ.

ಸ್ಟುವರ್ಟ್‌ಹಿಲ್ ಓದುಗ

ಬೇಸರಪಡಬೇಡಿ. ಕಾವೇರಿಗೆ ಹೆಸರಿನಿಂದ ಚಿಕಿತ್ಸೆ ದೊರೆಯಿತು, ನಿಜ. ಅದೇ ಹೆಸರು ಮನೆಯವರ ಬಾಯಿಗೆ ಸಿಕ್ಕ ಮೇಲೆ ಅವಳನ್ನು ಮತ್ತೆ ಆಸ್ಪತ್ರೆಗೆ ದೂಡಿತು. ಒಂದೇ ಪುಸ್ತಕದಲ್ಲಿ ಎರಡೂ ಇದೆ. ತ್ರಿವೇಣಿಯವರು ಮೊದಲ ಕಾಯಿಲೆಯನ್ನು ವೈದ್ಯರಿಗೆ ಬಿಟ್ಟು, ಎರಡನೆಯ ಕುಸಿತಕ್ಕೆ ಗಂಡ, ನೆಂಟರು, ನೆರೆಹೊರೆ ಇವರನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದಾರೆ. ನನ್ನ ಆಕ್ಷೇಪ ಮೊದಲನೆಯದಕ್ಕಲ್ಲ. ಓದುವವರಾದ ನಾವು ಹೆಸರು ಸಿಕ್ಕ ಕೂಡಲೇ ಪುಸ್ತಕ ಮುಚ್ಚುತ್ತೇವಲ್ಲ, ಅದಕ್ಕೆ.

ಲೈನ್‌ಮನೆ

ನಾನು ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದ ಕೂಲಿಗಳು ವಾಸಿಸುವ ಲೈನ್‌ಮನೆಯಲ್ಲಿ ಬೆಳೆದವಳು, ಈಗ ಬೇರೆಡೆ ಶಿಕ್ಷಕಿ. ಈ ಚರ್ಚೆಯಲ್ಲಿ ಒಂದು ಸಂಗತಿ ಬರಲಿಲ್ಲ. ಹೆಸರು ಯಾರಿಗೆ ಯಾವುದು ಸಿಗುತ್ತದೆಂಬುದು ಅವರ ಸ್ಥಾನವನ್ನು ಅವಲಂಬಿಸಿರುತ್ತದೆ. ದೊಡ್ಡ ಮನೆಯವರು ಸಂಜೆ ಕುಡಿದು ಕೂಗಾಡಿದರೆ ಅದು ಮನೆತನದ ಮುಂಗೋಪ. ಅದೇ ಸಂಜೆ ಲೈನ್‌ಮನೆಯ ಗಂಡಸು ಕುಡಿದು ಕೂಗಾಡಿದರೆ ಅವನು ಕೆಲಸಕ್ಕೆ ಬಾರದ ಕುಡುಕ. ಅವನ ಹೆಂಡತಿ ವಾರಗಟ್ಟಲೆ ಊಟ ಬಿಟ್ಟು ಗೋಡೆ ನೋಡುತ್ತಾ ಕುಳಿತರೆ ಅವಳಿಗೆ ಸೋಮಾರಿತನ. ಖಿನ್ನತೆ ಎಂಬ ಪದ ನಮ್ಮ ಸಾಲಿಗೆ ಬಂದದ್ದನ್ನು ನಾನು ಕಂಡಿಲ್ಲ. ಹೀಗಾಗಿ ಹೆಸರಿಡುವುದರಿಂದ ಕಥೆ ಸಪ್ಪೆಯಾಗುತ್ತದೆಂಬ ಚಿಂತೆ, ಕ್ಷಮಿಸಿ, ಹೆಸರು ಈಗಾಗಲೇ ದೊರೆತಿರುವವರ ಚಿಂತೆ.

ಕಿತ್ತಳೆತೋಟ, ವಿರಾಜಪೇಟೆ

ಎಲ್ಲ ತೋಟದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ, ಟೀಚರ್. ನಮ್ಮಲ್ಲಿ ಆಳುಗಳಿಗೆ ಕಾಯಿಲೆಯಾದರೆ ಜೀಪಿನಲ್ಲಿ ಗೋಣಿಕೊಪ್ಪಕ್ಕೆ ಕರೆದೊಯ್ಯುತ್ತೇವೆ.

ಲೈನ್‌ಮನೆ

ಜ್ವರಕ್ಕೆ, ಹಾವು ಕಡಿದರೆ, ಹೌದು, ಕರೆದೊಯ್ಯುತ್ತೀರಿ. ನಾನು ಹೇಳಿದ್ದು ಬೇರೆ.

ಮನೋವೈದ್ಯ ವಿಭಾಗದ ವಿದ್ಯಾರ್ಥಿನಿ

ಲೈನ್‌ಮನೆಯವರ ಮಾತಿಗೆ ಅಂಕಿಗಳ ಬೆಂಬಲವಿದೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಚಿಕಿತ್ಸೆ ಬೇಕಾಗಿದ್ದೂ ದೊರೆಯದವರ ಪ್ರಮಾಣ ರೋಗದ ಬಗೆಯನ್ನು ಅನುಸರಿಸಿ ಶೇ. 70ರಿಂದ 92ರಷ್ಟಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲಿಯೇ ನೋಡಿಕೊಳ್ಳಬಹುದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆ. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಯಾರಿಗಾದರೂ ಅಗತ್ಯವಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲಿಯೂ ಮಾತನಾಡಬಹುದು.

ಮದೆನಾಡು ಕಡೆಯವ

2018ರ ಆಗಸ್ಟಿನ ನಂತರ ನಮ್ಮ ಕಡೆ ಈ ಚರ್ಚೆ ಪುಸ್ತಕದಲ್ಲಿ ಉಳಿದಿಲ್ಲ. ಗುಡ್ಡ ಜರಿದ ಮೇಲೆ ಪರಿಹಾರ ಕೇಂದ್ರದಲ್ಲಿದ್ದಾಗ, ಆಪ್ತ ಸಲಹೆಗೆಂದು ಬಂದವರೊಬ್ಬರು ಪ್ರಶ್ನಾವಳಿ ಹಿಡಿದು ನಮ್ಮ ಅಜ್ಜನನ್ನು ಕೇಳಿದರು: ನಿದ್ರೆ ಬರುತ್ತದೆಯೇ, ಮಳೆ ಸದ್ದಿಗೆ ಭಯವಾಗುತ್ತದೆಯೇ, ಆ ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬರುತ್ತದೆಯೇ. ಅಜ್ಜ ಎಲ್ಲದಕ್ಕೂ ಹೌದೆಂದರು. ಕಾಗದದಲ್ಲಿ ಆಘಾತಾನಂತರದ ಒತ್ತಡವೆಂದು ಬರೆದುಕೊಂಡರು. ಬಂದವರು ಒಳ್ಳೆಯವರೇ, ಮಾತ್ರೆಯಿಂದ ನಿದ್ರೆಯೂ ಬಂತು. ಆದರೆ ಅಜ್ಜ ನಮ್ಮೊಡನೆ ಹೇಳುತ್ತಿದ್ದುದು ಮನೆಯ ಬಗ್ಗೆಯಲ್ಲ. ಕಾರಣರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಎಡೆ ಇಡುತ್ತಿದ್ದ ಜಾಗ ಮಣ್ಣಿನಡಿಗೆ ಹೋಯಿತು, ಇನ್ನು ಹಿರಿಯರಿಗೆ ಎಲ್ಲಿ ಇಡುವುದು, ತಾನು ಸತ್ತರೆ ತನಗೆ ಎಲ್ಲಿ ಇಡುತ್ತಾರೆ ಎಂಬುದು ಅವರ ಪ್ರಶ್ನೆ. ಪ್ರಶ್ನಾವಳಿಯಲ್ಲಿ ಅದಕ್ಕೆ ಸಾಲು ಇರಲಿಲ್ಲ. ಸರ್ಕಾರ ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ಹೊಸ ಮನೆಗಳನ್ನು ಕಟ್ಟಿಕೊಟ್ಟಿತು. ಒಂದೇ ಅಳತೆಯ ಸಾಲುಮನೆಗಳಲ್ಲಿ ಹಿರಿಯರಿಗೆ ಮೂಲೆ ಹುಡುಕುವುದು ನಮ್ಮ ಪಾಲಿಗೇ ಉಳಿಯಿತು.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ ಇಲ್ಲಿ ಪ್ರಸ್ತುತವಾಗಬಹುದು. ಶೋಕ ಮತ್ತು ವಿಷಣ್ಣತೆ ಎರಡನ್ನೂ ಹೋಲಿಸಿ ಅವನು ಬರೆದ. ಶೋಕದಲ್ಲಿರುವವನಿಗೆ ತಾನು ಕಳೆದುಕೊಂಡದ್ದು ಏನೆಂದು ಗೊತ್ತಿರುತ್ತದೆ, ಅವನ ಕಣ್ಣಿಗೆ ಲೋಕ ಬರಿದಾಗುತ್ತದೆ. ವಿಷಣ್ಣನಾದವನಿಗೆ ಕಳೆದುಕೊಂಡದ್ದರ ಅರಿವು ಪೂರ್ತಿ ಇರುವುದಿಲ್ಲ, ಬರಿದಾಗುವುದು ಅವನೇ. ಶೋಕ ರೋಗವಲ್ಲ, ಅದರ ದಾರಿಯಲ್ಲಿ ಕೈಹಾಕಬಾರದೆಂದೂ ಅವನೇ ಹೇಳಿದ್ದಾನೆ. ನಿಮ್ಮ ಅಜ್ಜನವರಿಗೆ ತಾವು ಕಳೆದುಕೊಂಡದ್ದು ಏನೆಂಬುದು ಅಂಗೈಯಷ್ಟು ಸ್ಪಷ್ಟವಾಗಿತ್ತು.

ಮನೋವೈದ್ಯ ವಿಭಾಗದ ವಿದ್ಯಾರ್ಥಿನಿ

ಮದೆನಾಡಿನ ಅಣ್ಣನವರ ಮಾತು ಮನಸ್ಸಿಗೆ ತಟ್ಟಿತು. ಒಂದು ವಿವರ ಮಾತ್ರ ಸೇರಿಸುತ್ತೇನೆ. ಆಘಾತಾನಂತರದ ಒತ್ತಡವೆಂಬ ಹೆಸರು ಅಮೆರಿಕದ ರೋಗಪಟ್ಟಿಗೆ ಅಧಿಕೃತವಾಗಿ ಸೇರಿದ್ದು 1980ರಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರು ಮತ್ತು ಅವರ ಪರ ನಿಂತ ವೈದ್ಯರು ಹೋರಾಡಿ ಸೇರಿಸಿದರು. ಅದಕ್ಕೆ ಮೊದಲು ಅಂಥವರನ್ನು ಹೇಡಿಗಳೆಂದು ಜರೆಯುವುದು ಸಾಮಾನ್ಯವಾಗಿತ್ತು. ಸೈನಿಕರ ನಾಡಾದ ಕೊಡಗಿಗೆ ಇದರ ಬೆಲೆ ಗೊತ್ತಾಗಬೇಕು. ಹೆಸರು ಅಜ್ಜನ ಪ್ರಶ್ನೆಗೆ ಉತ್ತರವಾಗಲಿಲ್ಲ, ಆದರೆ ಅಜ್ಜನನ್ನು ಹೇಡಿಯೆಂದು ಯಾರೂ ಕರೆಯದಂತೆ ಮಾಡಿತು.

ನಾಪೋಕ್ಲು

ಅಜ್ಜನ ಪ್ರಶ್ನೆಗೆ ಉತ್ತರ ಕೊಡುವವರು ನಮ್ಮಲ್ಲಿ ಇದ್ದಾರಲ್ಲ? ತೆರೆ ಕಟ್ಟಿದವರ, ಅಂದರೆ ವೇಷ ಕಟ್ಟಿ ಹಿರಿಯರನ್ನು ಮೈಮೇಲೆ ಬರಿಸಿಕೊಂಡವರ, ಬಾಯಲ್ಲಿ ಒಕ್ಕದ (ಮನೆತನದ) ಕಾರಣ ಮಾತಾಡುವುದನ್ನು ನೀವೆಲ್ಲ ಕೇಳಿಯೇ ಇರುತ್ತೀರಿ. ಮಕ್ಕಳ ಜಗಳ, ಜಮೀನಿನ ವ್ಯಾಜ್ಯ, ಮನೆಬಿಟ್ಟು ಹೋದ ಮಗ, ಎಲ್ಲವನ್ನೂ ಹಿರಿಯನೇ ಬಂದು ಎಲ್ಲರೆದುರು ಹೇಳಿಸುತ್ತಾನೆ. ವರ್ಷವಿಡೀ ಒಬ್ಬರ ಮುಖ ಒಬ್ಬರು ನೋಡದ ಅಣ್ಣತಮ್ಮಂದಿರು ಕಾರಣನ ಎದುರು ಅತ್ತದ್ದನ್ನು ನಾನು ಕಂಡಿದ್ದೇನೆ. ಎಂ.ಎನ್. ಶ್ರೀನಿವಾಸರು ಕೊಡವರ ಬಗ್ಗೆ 1952ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿರಿಯರ ಆರಾಧನೆಗೆ ಎಷ್ಟು ಜಾಗ ಕೊಟ್ಟಿದ್ದಾರೆ ನೋಡಿ. ಇದಕ್ಕಿಂತ ದೊಡ್ಡ ಮನೋಚಿಕಿತ್ಸೆ ಯಾವುದಿದೆ? ಇಲ್ಲಿ ಒಬ್ಬನನ್ನು ರೋಗಿಯೆಂದು ಬೇರೆ ಕೂರಿಸುವುದಿಲ್ಲ, ಇಡೀ ಒಕ್ಕವನ್ನೇ ಕೂರಿಸುತ್ತಾರೆ.

ಮನೋವೈದ್ಯ ವಿಭಾಗದ ವಿದ್ಯಾರ್ಥಿನಿ

ಸುಧೀರ್ ಕಕ್ಕರ್ ಎಂಬ ಮನೋವಿಶ್ಲೇಷಕರು 1982ರಲ್ಲಿ ಪ್ರಕಟಿಸಿದ ‘ಶಾಮನ್ಸ್, ಮಿಸ್ಟಿಕ್ಸ್ ಅಂಡ್ ಡಾಕ್ಟರ್ಸ್’ ಪುಸ್ತಕದಲ್ಲಿ ದರ್ಗಾ, ದೇವಸ್ಥಾನಗಳಿಗೆ ಹೋಗಿ ಕುಳಿತು ಇದನ್ನೇ ಗಮನಿ‌ಸಿ ಬರೆದಿದ್ದಾರೆ. ನಿಮ್ಮ ಮಾತಿನಲ್ಲಿ ಸತ್ಯಾಂಶವಿದೆ. ಆದರೆ 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ನಡೆದದ್ದನ್ನೂ ಇದರ ಪಕ್ಕದಲ್ಲಿಡಿ. ದರ್ಗಾದ ನಂಬಿಕೆಯ ಮೇಲೆ ಬಂದ ಮನೋರೋಗಿಗಳನ್ನು ಖಾಸಗಿ ಆಶ್ರಯವೊಂದರಲ್ಲಿ ಸರಪಳಿಯಿಂದ ಕಟ್ಟಿದ್ದರು. ಬೆಂಕಿ ಬಿದ್ದಾಗ ಓಡಲಾಗದೆ 28 ಜನ ಸುಟ್ಟು ಹೋದರು. ಜಗಳವಾಡಿದ ಅಣ್ಣತಮ್ಮಂದಿರಿಗೆ ತೆರೆ ಸಾಕು. ಧ್ವನಿಗಳು ಕೇಳಿಸುತ್ತಿರುವ ಹುಡುಗನಿಗೆ ಸಾಲದು.

ನಾಪೋಕ್ಲು

ನಮ್ಮ ತೆರೆಯಲ್ಲಿ ಯಾರನ್ನೂ ಸರಪಳಿಯಲ್ಲಿ ಕಟ್ಟುವುದಿಲ್ಲ. ಎಲ್ಲಿಯದೋ ಪಾಪವನ್ನು ಇಲ್ಲಿ ತಂದು ಹಾಕಬೇಡಿ.

ಲೈನ್‌ಮನೆ

ಒಕ್ಕ ಇಲ್ಲದವರು ಏನು ಮಾಡಬೇಕು? ಹೊರಗಿನಿಂದ ಕೂಲಿಗೆ ಬಂದವರ ಕಾರಣರು ಕೊಡಗಿನಲ್ಲಿ ಯಾರ ಬಾಯಲ್ಲಿಯೂ ಮಾತಾಡುವುದಿಲ್ಲ. ತೆರೆ ಕಟ್ಟಿ ನಿಮ್ಮ ಹಿರಿಯರಿಗೆ ಬಾಯಿ ಕೊಡುವವರೂ ನಿಮ್ಮ ಒಕ್ಕದವರಲ್ಲ ಎಂಬುದನ್ನು ಗಮನಿಸಿ, ಅವರ ಮನಸ್ಸಿನ ಕಥೆಯನ್ನು ಯಾರು ಕೇಳಿದ್ದಾರೆ?

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಕಾವು ಏರುತ್ತಿದೆ, ಸ್ವಲ್ಪ ಹಳೆಯ ಕಾಲಕ್ಕೆ ಹೋಗಿ ಬರೋಣ. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ರಾತ್ರಿ ಕೇಳಿದ ಹಾಡಿಗೆ ಸೋತು, ಕುರೂಪಿಯಾದ ಮಾವುತನ ಬಳಿಗೆ ಹೋಗುತ್ತಾಳೆ. ಅವನು ಹೊಡೆದರೂ ಸಹಿಸುತ್ತಾಳೆ. ಏಕೆ ಹಾಗಾಯಿತೆಂದು ಕವಿ ಕಾರಣ ಕೊಡುವುದಿಲ್ಲ, ಎಂಟು ನೂರು ವರ್ಷಗಳಿಂದ ವಿಮರ್ಶಕರು ಕೊಡುತ್ತಾ ಬಂದಿದ್ದಾರೆ. ಅದೇ ಕಾವ್ಯದಲ್ಲಿ ಅರಸ, ತಾಯಿಯ ಒತ್ತಾಯಕ್ಕೆ, ಜೀವವಿರುವ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟು ಜನ್ಮಜನ್ಮಾಂತರಗಳಲ್ಲಿ ನರಳುತ್ತಾನೆ. ಕೈ ಕೊಲ್ಲದಿದ್ದರೂ ಮನಸ್ಸು ಕೊಂದಿತ್ತು ಎಂಬ ಕಾರಣಕ್ಕೆ. ಜೈನ ಕವಿಗೆ ಸಂಕಲ್ಪವೇ ಹಿಂಸೆ. ಇಂದಿನ ವೈದ್ಯರು ಮನಸ್ಸಿನಲ್ಲಿ ಬಂದ ಕೆಟ್ಟ ಯೋಚನೆಗೆ ನೀವು ಹೊಣೆಯಲ್ಲವೆಂದು ಸಮಾಧಾನ ಹೇಳುತ್ತಾರೆ. ಇವೆರಡರ ನಡುವೆ ಯಾರು ಸರಿ ಎನ್ನುವಷ್ಟು ಧೈರ್ಯ ನನಗಿಲ್ಲ, ಆದರೆ ಮನಸ್ಸನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಂಡವನು ಜನ್ನನೇ.

ಮನೋವೈದ್ಯ ವಿಭಾಗದ ವಿದ್ಯಾರ್ಥಿನಿ

ಗೀಳು ರೋಗದವರನ್ನು ನೋಡಿದರೆ ಹಾಗೆ ಹೇಳುವುದಿಲ್ಲ, ಸರ್. ತನ್ನ ಮಗುವಿಗೆ ಚಾಕು ಹಾಕಿಬಿಡುತ್ತೇನೇನೋ ಎಂಬ ಯೋಚನೆ ಬೇಡವೆಂದರೂ ಬರುತ್ತಿರುವ ತಾಯಿಗೆ ಸಂಕಲ್ಪವೇ ಹಿಂಸೆಯೆಂದು ಬೋಧಿಸಿದರೆ ಅವಳು ಬದುಕುವುದೇ ಕಷ್ಟ. ಅವಳಂಥವರು ಆ ಯೋಚನೆಯಂತೆ ನಡೆಯುವವರಲ್ಲ, ಅದಕ್ಕೆ ಹೆದರಿ ನಡುಗುವವರು.

ಸುಂಟಿಕೊಪ್ಪದಿಂದ

ಇದು ಚೆನ್ನಾಗಿ ಹೇಳಿದ ಮಾತು. ಮತ್ತೆ ಮಾಸ್ತಿಯವರಿಗೆ ಬರೋಣವೇ? ಅರಸನ ರೋಗವೋ ದೋಷವೋ ಎಂದು ಇಷ್ಟು ಬರೆದಿದ್ದೇವೆ. ಅವನ ಜೊತೆ ಬಾಳಿದ ರಾಣಿ ಗೌರಮ್ಮನ ಮನಸ್ಸನ್ನು ಒಬ್ಬರೂ ಕೇಳಲಿಲ್ಲ. ಗಂಡನ ಕೋಪ ಯಾವಾಗ ಏರುತ್ತದೆಂದು ಅಳೆದು, ಮಂತ್ರಿಗಳನ್ನು ಸಂಭಾಳಿಸಿ, ಮಗಳನ್ನು ಕಾಪಾಡಿಕೊಂಡು, ಎಲ್ಲಿಯೂ ಗಂಡನನ್ನು ಬಿಟ್ಟುಕೊಡದೆ ನಡೆದುಕೊಳ್ಳುವ ಹೆಂಗಸು ಅವಳು. ಓದುಗರು ಅವಳನ್ನು ಸಹನಾಮೂರ್ತಿ ಎಂದು ಹೊಗಳಿ ಮುಂದೆ ಹೋಗುತ್ತಾರೆ. ಕುಡಿಯುವ ಗಂಡನ ಮನೆಯಲ್ಲಿ ಹೆಜ್ಜೆ ಸದ್ದಿಗೇ ಎಚ್ಚರವಾಗುವ ಹೆಂಗಸರು ನಮ್ಮ ಸುತ್ತಲೂ ಇದ್ದಾರೆ. ಆ ಎಚ್ಚರಕ್ಕೆ ನಾವು ಗುಣವೆಂದು ಹೆಸರಿಟ್ಟಿದ್ದೇವೆ, ಅರಸನ ಎಚ್ಚರಕ್ಕೆ ರೋಗವೆಂದು.

ಸ್ಟುವರ್ಟ್‌ಹಿಲ್ ಓದುಗ

ಬಳಗದ ಮುಂದಿನ ಸಭೆಗೆ ಈ ಮಾತನ್ನು ಹಾಗೆಯೇ ಓದಿ ಹೇಳುತ್ತೇನೆ, ಒಪ್ಪಿಗೆಯಿದ್ದರೆ. ಮುಂದಿನ ಪುಸ್ತಕ ‘ಶಿಕಾರಿ’ಯೋ ಗೌರಮ್ಮನವರ ಕಥೆಗಳೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಸುಂಟಿಕೊಪ್ಪದಿಂದ

ಧಾರಾಳವಾಗಿ ಓದಿ. ಗೌರಮ್ಮನವರನ್ನೇ ತೆಗೆದುಕೊಳ್ಳಿ, ಅರಸರು ಸಾಕು.

ಕಕ್ಕಬ್ಬೆಯವ

ಅರಸರು ಸಾಕೆನ್ನುವ ಮೊದಲು ಒಂದು ಮಾತು. ರಾಣಿಯ ಸಹನೆಯನ್ನೂ ನಾವು ಮಾಸ್ತಿಯವರಿಂದಲೇ ತಿಳಿದಿದ್ದೇವೆ, ಅರಸನ ಕ್ರೌರ್ಯವನ್ನು ಕಂಪನಿಯವರಿಂದ ತಿಳಿದ ಹಾಗೆ. ಮನೋವೈದ್ಯ ವಿದ್ಯಾರ್ಥಿನಿಯವರು ಹೇಳಿದ 1973ರ ನಿಯಮ ಓದುಗರಿಗೂ ಅನ್ವಯಿಸುವುದಾದರೆ ಮಾಸ್ತಿಯವರ ಅರಸನ ಬಗ್ಗೆ ಏನು ಬೇಕಾದರೂ ಹೇಳಿ, ಮಡಿಕೇರಿ ಕೋಟೆಯಲ್ಲಿ ನಿಜವಾಗಿ ಬಾಳಿದವನ ಬಗ್ಗೆ ಹೇಳುವಾಗ ಮಾತ್ರ ಸಾಕ್ಷಿ ಯಾರು, ಅವನಿಗೆ ಅದರಿಂದ ಏನು ಲಾಭವಾಯಿತು ಎಂದು ಕೇಳಿಕೊಳ್ಳಿ.

ಕಿತ್ತಳೆತೋಟ, ವಿರಾಜಪೇಟೆ

ಸಾಕ್ಷಿ ಯಾರೇ ಆಗಲಿ, ಸತ್ತವರು ಸತ್ತದ್ದು ನಿಜ ತಾನೇ?

ಕಕ್ಕಬ್ಬೆಯವ

ಎಷ್ಟು ಜನ, ಯಾರ ಆಜ್ಞೆಯಿಂದ ಎಂಬುದೇ ಪ್ರಶ್ನೆ. ಅದನ್ನು ಬೇರೆ ಚರ್ಚೆಯಾಗಿ ತೆರೆಯುತ್ತೇನೆ, ಅಲ್ಲಿಗೆ ಬನ್ನಿ.